ಏಳು ಭಾಷೆ, ಅರ್ಧ ಕಿವಿ

ಕಿವಿ ಮಂದವಾದವರಿಗೆ ಕಾಸರಗೋಡಿನಷ್ಟು ಪ್ರಶಸ್ತವಾದ ಊರು ಇನ್ನೊಂದಿಲ್ಲ. ಬೇರೆ ಕಡೆ, ಹೇಳಿದ್ದು ಕೇಳಿಸಲಿಲ್ಲ ಅಂತ ಗೊತ್ತಾದರೆ ಜನ ದನಿ ಏರಿಸುತ್ತಾರಂತೆ. ನಮ್ಮಲ್ಲಿ ದನಿ ಏರಿಸುವುದಿಲ್ಲ, ಭಾಷೆ ಬದಲಿಸುತ್ತಾರೆ. ಸಪ್ತಭಾಷೆಗಳ ನಾಡು ಎಂದು ಭಾಷಣಗಳಲ್ಲಿ ಹೊಗಳಿಸಿಕೊಳ್ಳುವ ಊರಲ್ಲವೇ! ಬದಿಯಡ್ಕದ ಬಸ್ಸಿನಲ್ಲಿ ಪಕ್ಕ ಕುಳಿತ ಹೆಂಗಸು "ಏಡ್ಯಾ ಪೋನ್ನ್?" ಅನ್ನುತ್ತಾಳೆ. ನಾನು ಸುಮ್ಮನೆ. "ಓಡೆ ಪೋಪುನಿ?" ಅನ್ನುತ್ತಾಳೆ. ಸುಮ್ಮನೆ. "ಎಲ್ಲಿಗೆ ಹೋಗುವುದು?" ಅಷ್ಟು ಹೊತ್ತಿಗೆ ನಾನು ಮಲಯಾಳದ ತುಟಿಗೆ ಹೊಂದಿಕೊಂಡು, ಈಗ ತುಳುವಿನ ತುಟಿ ಹಿಡಿಯುತ್ತಾ ಇರುತ್ತೇನೆ, ಕನ್ನಡ ಬಂದು ಹೋದದ್ದೇ ತಿಳಿಯುವುದಿಲ್ಲ. ಕೊನೆಗೆ ಆಕೆ ಹಿಂದಿಗೆ ಇಳಿಯುತ್ತಾಳೆ. ಅದಕ್ಕೂ ಉತ್ತರವಿಲ್ಲದಿದ್ದರೆ ಒಂದೋ ನಾನು ಮಹಾ ಜಂಬದವಳು, ಇಲ್ಲವೇ ಅಸ್ಸಾಮಿನಿಂದ ಕೆಲಸಕ್ಕೆ ಬಂದವಳು. ಇದನ್ನೆಲ್ಲ ಹಿಂದಿನ ಸೀಟಿನಲ್ಲಿದ್ದ ನಮ್ಮನೆಯವರು ಬಸ್ಸು ಇಳಿದ ಮೇಲೆ ನನಗೆ ವರದಿ ಒಪ್ಪಿಸುತ್ತಾರೆ. ನಡುವೆ ಬಾಯಿ ಹಾಕಬಹುದಿತ್ತಲ್ಲ ಅಂದರೆ, "ಅವಳಿಗೆ ಎಷ್ಟು ಭಾಷೆ ಬರ್ತದೆ ಅಂತ ನೋಡುವ ಅಂತ ಕೂತೆ" ಎನ್ನುತ್ತಾರೆ.

ಈ ಭಾಷೆ ಬದಲಿಸುವ ಚಾಳಿಯಿಂದ ನನಗೆ ಒಮ್ಮೆ ವಿನಾಕಾರಣ ಕೀರ್ತಿಯೂ ಬಂತು. ಒಂದು ಕಚೇರಿಗೆ ಅರ್ಜಿ ಫಾರಮಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗ ತೆಂಕಣ ಕೇರಳದಿಂದ ವರ್ಗವಾಗಿ ಬಂದವನು, ಮೇಲೆ ದಪ್ಪ ಮೀಸೆ. ತುಟಿ ಓದುವವರಿಗೆ ಮೀಸೆಯಷ್ಟು ದೊಡ್ಡ ಶತ್ರು ಇಲ್ಲ. ಗಾಜಿನ ಆಚೆಯಿಂದ ಆತ ಮಲಯಾಳದಲ್ಲಿ ಏನೋ ಕೇಳಿದ. ನಾನು ಕಣ್ಣು ಬಿಡದೆ ಅವನ ಮೀಸೆಯನ್ನೇ ನೋಡಿದೆ. ಮತ್ತೆ ಕೇಳಿದ, ಮತ್ತೆ ನೋಡಿದೆ. ಅವನ ಮುಖ ಬಿಳಿಚಿತು. ಎದ್ದು ಒಳಗೆ ಹೋಗಿ ಹಿರಿಯ ಗುಮಾಸ್ತರನ್ನು ಕರೆತಂದ. ಅವರು ನನ್ನನ್ನು ನೋಡಿ, ಕೈಮುಗಿದು, ಕಪಾಟಿನ ತೀರಾ ಕೆಳಗಿನ ಖಾನೆಯಿಂದ ಧೂಳು ಕೊಡವಿ ಕನ್ನಡ ಫಾರಮುಗಳ ಒಂದು ಕಟ್ಟನ್ನೇ ಹೊರಗೆ ತೆಗೆದರು. ನನ್ನ ಹಿಂದೆ ಸಾಲಿನಲ್ಲಿ ನಿಂತವರಿಗೆ ಒಂದು ಕ್ಷಣ ಮಾತೇ ಹೊರಡಲಿಲ್ಲವಂತೆ. ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಇಲ್ಲಿನ ಕನ್ನಡಿಗರಿಗೆ 1969ರ ಭಾಷಾ ಕಾಯ್ದೆಯಲ್ಲೇ ಇದೆ, ಆದರೆ ಆ ಕೌಂಟರಿನಲ್ಲಿ ಕನ್ನಡ ಫಾರಮು ಯಾವಾಗ ಕೇಳಿದರೂ "ತೀರಿದೆ". ಎಲ್ಲರೂ ಒಂದೊಂದು ಪ್ರತಿ ಇಸಕೊಂಡರು. ಒಬ್ಬರು ಹಿರಿಯರು ಹೊರಗೆ ಬಂದು, "ಹೀಗೆ ಗಟ್ಟಿ ನಿಲ್ಲಬೇಕು ಅಕ್ಕ" ಎಂದು ಬೆನ್ನು ತಟ್ಟಿದರು. ಅದು ಸರಿಯಾಗಿ ಕೇಳಿಸಿತು, ಅವರಿಗೆ ಮೀಸೆ ಇರಲಿಲ್ಲ.

ಕಿವಿ ಕೇಳುವುದಿಲ್ಲ ಎಂದರೆ ಮೌನ ಎಂದು ಜನ ತಿಳಿದಿದ್ದಾರೆ. ಎಲ್ಲಿಯ ಮೌನ! ನನ್ನದು ನರದ ದೌರ್ಬಲ್ಯ. ಮೊದಲು ಹೋಗುವುದು ಎತ್ತರದ ಸ್ವರಗಳು. ಸ, ಶ, ತ, ಕ ಮುಂತಾದ ತೆಳುವಾದ ಸದ್ದುಗಳೆಲ್ಲ ಜಾರಿಹೋಗಿ ಆ, ಊ, ಓ ಮಾತ್ರ ದುಂಡಗೆ ಒಳಗೆ ಬರುತ್ತವೆ. ಸದ್ದು ಬೇಕಾದಷ್ಟು, ಮಾತು ಮಾತ್ರ ಇಲ್ಲ. ಅದಕ್ಕೇ ಬೊಬ್ಬೆ ಹೊಡೆದರೆ ಪ್ರಯೋಜನವಿಲ್ಲ, ಆಗ ಆ, ಊ, ಓಗಳೇ ಇನ್ನೂ ದಪ್ಪವಾಗುತ್ತವೆ. ಉಳಿದದ್ದನ್ನು ತುಟಿ ನೋಡಿ ತುಂಬಿಸಿಕೊಳ್ಳಬೇಕು. ತುಟಿಯಲ್ಲೋ, ಪ ಫ ಬ ಭ ಮ ಐದೂ ಒಂದೇ. ಬಾಯಿ ಮುಚ್ಚಿತು, ತೆರೆಯಿತು, ಅಷ್ಟೆ.

ಒಂದು ದಿನ ಮಧ್ಯಾಹ್ನ ನಮ್ಮನೆಯವರು ಅಂಗಳದಿಂದ ಅಡುಗೆಮನೆಯ ಕಿಟಕಿಗೆ ಮುಖ ಮಾಡಿ, "ಭಾವ ಬರ್ತಾರಂತೆ" ಅಂದರು. ನನಗೆ ಕಂಡದ್ದು "ಮಾವ ಬರ್ತಾರಂತೆ". ನನ್ನ ಸೋದರಮಾವನಿಗೆ ಸಕ್ಕರೆ ಕಾಯಿಲೆ. ಸಕ್ಕರೆ ಹಾಕದ ಚಹಾ, ಬೆಲ್ಲ ಹಾಕದ ಅವಲಕ್ಕಿ, ಉಪ್ಪೂ ಕಮ್ಮಿ ಯಾಕೆಂದರೆ ರಕ್ತದೊತ್ತಡವೂ ಉಂಟು. ಬಂದದ್ದು ಭಾವ, ಲೋಟಕ್ಕೆ ಮೂರು ಚಮಚ ಸಕ್ಕರೆ ಬೀಳದಿದ್ದರೆ ಅದನ್ನು ಚಹಾ ಎಂದೇ ಒಪ್ಪದ ಮನುಷ್ಯ. ಒಂದು ಮಾತಾಡಲಿಲ್ಲ ಪುಣ್ಯಾತ್ಮ, ಕುಡಿದು ಲೋಟ ಇಟ್ಟರು. ಗೇಟಿನ ಹತ್ತಿರ ತಮ್ಮನ ಕಿವಿಯಲ್ಲಿ, "ಎಂತ, ಈ ಸಲ ಅಡಿಕೆಗೆ ಕೊಳೆರೋಗ ಜೋರಾ? ಹಣದ ತಾಪತ್ರಯ ಇದ್ರೆ ಹೇಳು" ಎಂದು ಕೇಳಿ ಹೋದರಂತೆ.

ಮೆಷಿನು ಹಾಕಿಕೊಂಡರೆ ಇದೆಲ್ಲ ಸರಿಹೋಗುತ್ತದೆ ಎಂಬುದು ಮೆಷಿನು ಇಲ್ಲದವರ ನಂಬಿಕೆ. ಮೆಷಿನು ಎಲ್ಲವನ್ನೂ ದೊಡ್ಡದು ಮಾಡುತ್ತದೆ. ಮದುವೆಯ ಪಂಕ್ತಿಯಲ್ಲಿ ಹಲಸಿನ ಹಪ್ಪಳ ಮುರಿದು ಬಾಯಿಗಿಟ್ಟರೆ ತಲೆಯೊಳಗೆ ಸಿಡಿಲು ಬಡಿಯುತ್ತದೆ, ಎದುರಿನ ಸಾಲಿನ ಅತ್ತಿಗೆ ಏನು ಹೇಳಿದಳೆಂದು ಹಪ್ಪಳ ಮುಗಿಯುವ ತನಕ ಗೊತ್ತಾಗುವುದಿಲ್ಲ. ಇನ್ನೊಂದು ಇದರ ಸಿಳ್ಳೆ. ಕಿವಿಯೊಳಗಿನ ಅಚ್ಚು ಸ್ವಲ್ಪ ಸಡಿಲವಾದರೆ ಒಳಗೆ ಹೋಗಬೇಕಾದ ಸದ್ದು ಹೊರಗೆ ಸೋರಿ, ಮತ್ತೆ ಮೈಕಿಗೇ ಸಿಕ್ಕಿ, ಸುತ್ತಿ ಸುತ್ತಿ ಕೂಗುತ್ತದೆ. ಜಗಿದರೆ, ಆಕಳಿಸಿದರೆ, ನಕ್ಕರೆ ಸಡಿಲವಾಗುತ್ತದೆ. ಆ ಸಿಳ್ಳೆ ಎಷ್ಟು ಎತ್ತರದ ಸ್ವರವೆಂದರೆ ಇಡೀ ಸಭೆಗೆ ಕೇಳಿಸುತ್ತದೆ, ನನಗೊಬ್ಬಳಿಗೆ ಕೇಳಿಸುವುದಿಲ್ಲ.

ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿದ್ದು ಯಕ್ಷಗಾನ ಬಿಡಲಾಗುತ್ತದೆಯೇ? ಬಯಲಾಟದ ಬಗ್ಗೆ ನನಗೆ ಯಾವ ದೂರೂ ಇಲ್ಲ. ಚೆಂಡೆಯ ಪೆಟ್ಟು ಕಿವಿಯನ್ನು ನಂಬಿಕೊಂಡಿಲ್ಲ, ನೇರ ಎದೆಗೆ ಬರುತ್ತದೆ. ಕಷ್ಟವಾಗುವುದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಮೈಕಿನ ಹಿಂದೆ ಅರ್ಧ ಮುಖ ಮರೆಮಾಡಿ ಗಂಟೆಗಟ್ಟಲೆ ಬರೀ ಮಾತು. ಒಂದು ರಾತ್ರಿ ಕೃಷ್ಣಸಂಧಾನ. ಕೌರವನ ಅರ್ಥ ಹೇಳುವವರು ಸೂಜಿಮೊನೆಯಷ್ಟು ನೆಲವೂ ಇಲ್ಲ ಎನ್ನುವ ಘಟ್ಟಕ್ಕೆ ಬಂದು ಒಂದು ನಿಲುಗಡೆ ಕೊಟ್ಟರು. ಸಭೆ ಗಪ್‌ಚಿಪ್. ಅದೇ ಹೊತ್ತಿಗೆ ನನಗೊಂದು ಆಕಳಿಕೆ. ಸುತ್ತಲಿನವರೆಲ್ಲ ತಮ್ಮ ತಮ್ಮ ಮೊಬೈಲು ತಡಕುವುದು ಕಾಣಿಸಿತು, ನಾನೂ ನನ್ನದನ್ನು ತೆಗೆದು ನೋಡಿದೆ. ಅರ್ಥಧಾರಿಗಳು ಬಿಟ್ಟಾರೆಯೇ? "ಮಾಧವಾ, ಸಂಧಾನ ಮುಗಿಯುವ ಮೊದಲೇ ಶಂಖ ಊದಿಸುತ್ತಿದ್ದೀಯಲ್ಲ!" ಸಭೆ ಬಿದ್ದು ಬಿದ್ದು ನಕ್ಕಿತು. ಯಾಕೆಂದು ಗೊತ್ತಿಲ್ಲದಿದ್ದರೂ ಎಲ್ಲರ ಜೊತೆ ನಾನೂ ನಕ್ಕೆ. ನಕ್ಕದ್ದಕ್ಕೆ ಮತ್ತೆ ಊದಿತು.

ಮಳೆಗಾಲ ಬಂತೆಂದರೆ ಮೆಷಿನಿಗೂ ಕಾಯಿಲೆ. ವರ್ಷಕ್ಕೆ 3000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಹಪ್ಪಳವೇ ಗರಿಗರಿ ಉಳಿಯುವುದಿಲ್ಲ, ಇನ್ನು ಇದು ಎಲ್ಲಿಂದ ಉಳಿಯಬೇಕು? ರಾತ್ರಿ ಬ್ಯಾಟರಿ ತೆಗೆದು, ಪಸೆ ಹೀರುವ ಹರಳು ಇರುವ ಡಬ್ಬಿಯಲ್ಲಿ ಮಲಗಿಸಬೇಕು. ಆಟಿ ತಿಂಗಳ ಒಂದು ರಾತ್ರಿ ಡಬ್ಬಿ ಸಿಗದೆ ಹೊರಗೇ ಇಟ್ಟು ಮಲಗಿದೆ. ಒದ್ದೆಯಾದ ಮೊಬೈಲನ್ನು ಅಕ್ಕಿಯಲ್ಲಿ ಹೂತರೆ ಸರಿಯಾಗುತ್ತದೆ ಎಂದು ಎಲ್ಲೋ ಓದಿದ್ದ ನಮ್ಮನೆಯವರು ಅದನ್ನು ಬ್ಯಾಟರಿ ಸಮೇತ ಕುಚ್ಚಲಕ್ಕಿ ಡಬ್ಬದೊಳಗೆ ಇಟ್ಟು, ಬೆಳಗ್ಗೆ ಎದ್ದು ತೋಟಕ್ಕೆ ಹೋಗಿಬಿಟ್ಟರು. ಅತ್ತೆ ಸೇರು ಹಿಡಿದು ಡಬ್ಬದ ಮುಚ್ಚಳ ತೆಗೆದವರು ಹಾಗೇ ಹಾಕಿದರು. ನನ್ನ ಕಿವಿ ಆಗ ಖಾಲಿ. ಅವರು ಮೂಗಿನ ಎರಡೂ ಕಡೆ ಬೆರಳು ಚಾಚಿ ಮೀಸೆ ಮಾಡಿ ತೋರಿಸಿದರು, ಆಮೇಲೆ ಬಾಲ. ಇಲಿಮರಿ ಎಂದು ತಿಳಿಯಿತು. ನಾನು ಡಬ್ಬಕ್ಕೆ ಕಿವಿಯಿಟ್ಟು ಆಲಿಸಿ, "ಎಂತದೂ ಇಲ್ಲ ಅತ್ತೆ" ಅಂದೆ. ನನ್ನ ಸಾಕ್ಷಿಯನ್ನು ಅವರು ಪರಿಗಣಿಸಲಿಲ್ಲ. ಬೆಕ್ಕನ್ನು ಎತ್ತಿ ತಂದು ಡಬ್ಬದ ಬಾಯಿಗೆ ಹಿಡಿದರು. ಬೆಕ್ಕು ಕಿವಿ ನೆಟ್ಟಗೆ ಮಾಡಿ ಅಕ್ಕಿಯನ್ನೂ ಅತ್ತೆಯನ್ನೂ ಒಮ್ಮೊಮ್ಮೆ ನೋಡಿ, ಮೈ ಕೊಡವಿ ಇಳಿದು ಹೋಯಿತು. ಕಡೆಗೆ ಡಬ್ಬವನ್ನು ಗೆರಸೆಗೆ ಸುರಿದಾಗ ನನ್ನ ಬಲಕಿವಿ ಹೊರಗೆ ಬಂತು, ತವುಡು ಮೆತ್ತಿಕೊಂಡು, ಇನ್ನೂ ಕೂಗುತ್ತಾ.

ಬ್ಯಾಟರಿಯದ್ದು ಇನ್ನೊಂದು ಕಥೆ. ಅದರ ಬೆನ್ನಿಗೊಂದು ಕಿತ್ತಳೆ ಬಣ್ಣದ ಚೀಟಿ ಅಂಟಿರುತ್ತದೆ. ಚೀಟಿ ಕಿತ್ತು ಗಾಳಿ ತಾಗಿದ ಮೇಲೆಯೇ ಅದಕ್ಕೆ ಜೀವ, ಆಮೇಲೆ ಬಳಸಿದರೂ ಬಳಸದಿದ್ದರೂ ಆಯುಷ್ಯ ಮುಗಿಯುತ್ತಾ ಹೋಗುತ್ತದೆ. ರಜೆಗೆ ಬಂದ ನಾದಿನಿಯ ಮಗ ಒಂದು ಹೊಸ ಕಟ್ಟಿನ ಆರೂ ಚೀಟಿ ಕಿತ್ತು ಕರುವಿನ ಹಣೆಗೆ ಬೊಟ್ಟು ಇಟ್ಟಿದ್ದ. ಬಿಲ್ಲೆಗಳು ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ, ಆರೂ ಸಿಕ್ಕುವ ತನಕ ಮನೆಯಲ್ಲಿ ಯಾರಿಗೂ ಉಸಿರಿರಲಿಲ್ಲ. ಕರು ಮಾತ್ರ ಸಂಭ್ರಮದಲ್ಲಿತ್ತು.

ನಮ್ಮ ಊರಿನ ಎಷ್ಟೋ ಜನರ ಹಾಗೆ ನನ್ನ ದಾಖಲೆಗಳೆಲ್ಲ ಕೇರಳದಲ್ಲಿ, ದೇಹದ ರಿಪೇರಿಯೆಲ್ಲ ಮಂಗಳೂರಿನಲ್ಲಿ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿ ರಸ್ತೆಗಳಿಗೆ ಮಣ್ಣು ಸುರಿದಾಗ ನನ್ನ ಎರಡೂ ಮೆಷಿನುಗಳು ರಿಪೇರಿಗೆಂದು ಆಚೆ ಇದ್ದವು. ಆ್ಯಂಬುಲೆನ್ಸುಗಳೇ ತಿರುಗಿ ಹೋಗುತ್ತಿದ್ದ ದಿನಗಳವು, ಕಿವಿ ಸಿಕ್ಕಿಹಾಕಿಕೊಂಡಿದೆ ಎಂದು ಗೋಳಾಡುವ ಮುಖ ನನಗಿರಲಿಲ್ಲ. ತೀರಿಹೋದ ಅಜ್ಜನ ಪಾಕೆಟ್ ಮೆಷಿನು ಅಟ್ಟದಿಂದ ಇಳಿಯಿತು. ಬೆಂಕಿಪೊಟ್ಟಣಕ್ಕಿಂತ ದೊಡ್ಡದು, ಸೆರಗಿಗೆ ಸಿಕ್ಕಿಸಬೇಕು, ಅಲ್ಲಿಂದ ಕಿವಿಗೆ ವಯರು. ಸೀರೆ ಸರಿದಾಡಿದರೆ ಒಳಗೆ ಬಿರುಗಾಳಿ. ಬೇಲಿಯಾಚೆಯಿಂದ ಪಕ್ಕದ ಮನೆಯವರು ದಿನಾ, "ವಾರ್ತೆಯಲ್ಲಿ ಎಂತ ಹೇಳಿದ್ರು?" ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದರು. ಊರಿಗೆ ಊರೇ ಮಾಸ್ಕು ಕಟ್ಟಿದ್ದರಿಂದ ಮಾವನೂ ಇಲ್ಲ, ಭಾವನೂ ಇಲ್ಲ, ಎಲ್ಲರೂ ಬರೀ ಹುಬ್ಬು.

ಅಂಗವಿಕಲರ ಗುರುತಿನ ಚೀಟಿಗೆ ಪರೀಕ್ಷೆ ಆಗಬೇಕೆಂದು ಒಂದು ಆಸ್ಪತ್ರೆಗೆ ಹೋದದ್ದು ಇದೆಲ್ಲ ಕಳೆದ ಮೇಲೆ. 2016ರ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ ಮಾತಿನ ಸ್ವರಗಳ ನಷ್ಟ 60ರಿಂದ 70 ಡೆಸಿಬೆಲ್ ಇದ್ದರೆ ಮಂದ, 70 ದಾಟಿದರೆ ಕಿವುಡು. ಸವಲತ್ತು ಬೇಕಾದರೆ ವೈಕಲ್ಯ 40 ಶೇಕಡವಾದರೂ ಇರಬೇಕು. ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ನನ್ನ ಕಿವಿಯೊಳಗೆ ಹಗಲೂ ರಾತ್ರಿ ಒಂದು ಜೀರುಂಡೆ ಬೇರೆ ಇದೆ. ನಾನು ಶ್ರದ್ಧೆಯಿಂದ ಒತ್ತುತ್ತಲೇ ಇದ್ದೆ. ಹುಡುಗಿ ಬಾಗಿಲು ತೆಗೆದು, "ಅಮ್ಮಾ, ನಾನಿನ್ನೂ ಶುರು ಮಾಡ್ಲಿಲ್ಲ" ಅಂದಳು. ಕೊನೆಗೆ ನಾನು ಬಿದ್ದದ್ದು 70ರ ಗೆರೆಯ ಹತ್ತಿರ, ಒಂದು ಕಾಲು ಆಚೆ ಒಂದು ಕಾಲು ಈಚೆ. ಕಾಸರಗೋಡಿನವಳು ಇನ್ನೆಲ್ಲಿ ಬೀಳಬೇಕು!

ಆದರೆ ಆ ಗೂಡಿನೊಳಗೆ ಹೋಗುವ ಮೊದಲಿನ ಭಾಗವೇ ರಸವತ್ತಾದದ್ದು. ಕಿವಿ ಪರೀಕ್ಷೆಗೆ ಬಂದವರೆಲ್ಲ ಜಗಲಿಯ ಬೆಂಚಿನಲ್ಲಿ ಸಾಲಾಗಿ ಕುಳಿತಿದ್ದೆವು. ನರ್ಸಮ್ಮ ಬಾಗಿಲ ಸಂದಿನಿಂದ ಹೆಸರು ಕೂಗುತ್ತಿದ್ದರು, ಮುಖ ಒಳಗೆ, ದನಿ ಹೊರಗೆ. ಯಾರೂ ಏಳಲಿಲ್ಲ. ಮಲಯಾಳದಲ್ಲಿ ಕರೆದರು, ಕನ್ನಡದಲ್ಲಿ ಕರೆದರು. ಬೆಂಚಿನ ತುದಿಯಲ್ಲಿ ಕಣ್ಣಿನ ವಿಭಾಗಕ್ಕೆ ಬಂದ ಒಬ್ಬರು ಬ್ಯಾರಿ ಅಜ್ಜ ಇದ್ದರು, ಎರಡೂ ಕಣ್ಣಿಗೆ ಪೊರೆ. ಅವರಿಗೆ ಪ್ರತಿ ಹೆಸರೂ ಕೇಳಿಸುತ್ತಿತ್ತು. ತಡೆಯಲಾರದೆ ಅವರೇ ಬೆಂಚಿನುದ್ದಕ್ಕೂ ಕೈಯಾಡಿಸುತ್ತಾ ಬಂದು, ಒಬ್ಬೊಬ್ಬರ ಭುಜ ಅಲುಗಿಸಿ, ಹತ್ತಿರದಿಂದ ಹೆಸರು ಹೇಳಿ ಎಬ್ಬಿಸತೊಡಗಿದರು. ಕೆಲಸ ಸರಾಗವಾಗಿ ಸಾಗಿತು. ಅವರ ಟೋಕನು ಎದುರಿನ ಬೋರ್ಡಿನಲ್ಲಿ ಕೆಂಪಗೆ ಉರಿಯುವುದನ್ನು ನೋಡಿ ಹೇಳುವುದು ನಮ್ಮ ಪಾಲಿನ ಕೆಲಸವೆಂದು ಮಾತಾಗಿತ್ತಂತೆ, ಅವರು ಅದನ್ನು ನಮಗೆ ಬಾಯಲ್ಲಿ ಹೇಳಿದ್ದರು. ನನ್ನ ಪರೀಕ್ಷೆ ಮುಗಿಸಿ, ಮೆಷಿನು ಸಿಕ್ಕಿಸಿಕೊಂಡು ಹೊರಗೆ ಬಂದಾಗ ಅಜ್ಜ ಗೋಡೆಯತ್ತ ತಿರುಗಿ, ಗಂಟಲು ಹರಿಯುವ ಹಾಗೆ, "ನನ್ನ ನಂಬರು ಬಂತಾ?" ಎಂದು ಕೇಳುತ್ತಲೇ ಇದ್ದರು. ಬೆಂಚಿನಲ್ಲಿ ಉಳಿದವರೆಲ್ಲ ಅವರ ಬೆನ್ನನ್ನು ನೋಡುತ್ತಾ, ಬಹಳ ಮರ್ಯಾದೆಯಿಂದ ತಲೆಯಾಡಿಸುತ್ತಿದ್ದರು.