ಬಾಯಿ ಬಿಡದ ಕೊಕ್ಕೆ

ಮನೆಗೆ ಬಣ್ಣ ಹೊಡೆಯಲು ಬಂದವನು ಹಜಾರದ ತೂಗುಮಣೆ ಇಳಿಸಿದ. ಸರಿ, ಇಳಿಸಲೇಬೇಕಿತ್ತು. ಆದರೆ ಕೆಲಸ ಮುಗಿದ ಮೇಲೆ ಹೇಳದೆ ಕೇಳದೆ ಸರಪಳಿ ತುದಿಯ ಕೊಕ್ಕೆಯೊಂದನ್ನು ಹಿತ್ತಲ ಕಲ್ಲಿನ ಮೇಲಿಟ್ಟ. ಸುತ್ತಿಗೆಯಲ್ಲಿ ಬಡಿದು ಅದರ ಬಾಯಿ ಮುಚ್ಚಿಸಿಬಿಟ್ಟ. 'ಭದ್ರವಾಗಿರ್ಲಿ ಅಂತ ಸಾರ್' ಅಂದ. ಭದ್ರವಾಗಿಯೇ ಇತ್ತು. ಎಷ್ಟು ಭದ್ರ ಅಂದರೆ, ತೊಲೆಯ ಬಳೆ ಒಳಗೆ ಹೋಗಲು ಜಾಗವೇ ಇಲ್ಲ. ಅವನು ದುಡ್ಡು ಎಣಿಸಿಕೊಂಡು ಹೋದ. ತೂಗುಮಣೆ ಗೋಡೆಗೆ ಒರಗಿ ನಿಂತಿತು. ಬಂದವರೆಲ್ಲ ಅದಕ್ಕೆ ಎಡವಿ, ಆಮೇಲೆ ನನ್ನ ಮುಖ ನೋಡತೊಡಗಿದರು.

ಕಿರುಬೆರಳು ದಪ್ಪದ ಹಳೇ ಕಬ್ಬಿಣ. ಬೇಕಾಗಿದ್ದದ್ದು ಅರ್ಧ ಬೆರಳಿನಷ್ಟು ಸಂದು, ಅಷ್ಟೇ. ಸಾಮಾನಿನ ಪೆಟ್ಟಿಗೆ ತೆಗೆದು ನೆಲದ ಮೇಲೆ ಸುರಿದೆ. ಕಟಿಂಗ್ ಪ್ಲೇಯರ್, ನೋಸ್ ಪ್ಲೇಯರ್, ಪೈಪ್ ರೆಂಚು, ಅಜ್ಜಿಯ ಕಾಲದ ಅಡಿಕೆ ಕತ್ತರಿ. ಅಡುಗೆಮನೆಯಿಂದ ಇಕ್ಕಳವೂ ಬಂತು. ಎಲ್ಲವೂ ಒತ್ತುವವು, ಹಿಡಿಯುವವು, ಕತ್ತರಿಸುವವು. ಹಿಡಿ ಅಮುಕಿದರೆ ಬಾಯಿ ಮುಚ್ಚಿಕೊಳ್ಳುವವು. ಹಿಂದೆ ಒತ್ತಿದರೆ ಮುಂದೆ ಬಾಯಿ ಬಿಡುವ ವಸ್ತು ಇಡೀ ಮನೆಯಲ್ಲಿ ಒಂದೇ ಸಿಕ್ಕಿತು. ಬಟ್ಟೆ ಒಣಗಿಸುವ ಕ್ಲಿಪ್ಪು.

ಮುಚ್ಚುವ ಸಾಧನ ಮನೆ ತುಂಬ ಇದೆ, ಬಿಡಿಸುವುದು ಒಂದೂ ಇಲ್ಲ. ಇದಕ್ಕೆ ಏನೋ ಗಟ್ಟಿ ಕಾರಣ ಇರಲೇಬೇಕು ಅನ್ನಿಸಿತು. ಆ ಕಾರಣ ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಅರ್ಧ ಕಾರಣ ನಮ್ಮ ಕೈಯಲ್ಲೇ ಇದೆ. ಮುಷ್ಟಿ ಕಟ್ಟುವ ಸ್ನಾಯುಗಳಿಗೆ ಇರುವ ಬಲ ಬೆರಳು ಬಿಚ್ಚುವ ಸ್ನಾಯುಗಳಿಗೆ ಇಲ್ಲ. ರಂಗನತಿಟ್ಟಿನ ಮೊಸಳೆಗಳದ್ದೂ ಇದೇ ಕತೆ. ಕಚ್ಚಿದರೆ ಮೂಳೆ ಪುಡಿ, ಬಾಯಿ ತೆರೆಯುವ ಬಲ ಮಾತ್ರ ತೀರಾ ಕಡಿಮೆ. ಮೊಸಳೆ ಹಿಡಿಯುವವರು ಅದರ ಮೂತಿಗೆ ಟೇಪು ಸುತ್ತಿ ನಿಶ್ಚಿಂತೆಯಾಗಿ ಇರುವುದು ಅದಕ್ಕೇ. ಉಳಿದ ಅರ್ಧಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸಂತೇಪೇಟೆ.

ಅಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗದ ಸಾಮಾನಿಲ್ಲ. ಆದರೆ ಕೇಳಿದ್ದನ್ನು ಕೊಡುವ ಮೊದಲು 'ಯಾತಕ್ಕೆ ಸಾರ್?' ಅಂತ ಕೇಳದ ಅಂಗಡಿಯೂ ಇಲ್ಲ. ಮೈಸೂರಿನವರಿಗೆ ಇದು ಮರ್ಯಾದೆ. ನನಗೆ ಮೈ ಉರಿಯುತ್ತದೆ. ಬೇಳೆ ಕೊಂಡರೆ ಯಾತಕ್ಕೆ ಅಂತ ಯಾರಾದರೂ ಕೇಳುತ್ತಾರಾ? ಕಬ್ಬಿಣ ಅಗಲಿಸುವ ಕೈಸಾಮಾನು ಬೇಕು ಅಂದೆ. ಯಾತಕ್ಕೆ ಅಂದರು. ಕೊಕ್ಕೆ ಅಂದೆ. ಯಾವ ಕೊಕ್ಕೆ? ತೂಗುಮಣೆಯದು. ಮರದ್ದಾ ತೂಗುಮಣೆ? ಹೌದು. ತೇಗವಾ? ಅಷ್ಟು ಹೊತ್ತಿಗೆ ಪಕ್ಕದಲ್ಲಿ ಮೊಳೆ ತೂಗಿಸುತ್ತಿದ್ದವರು, ನಲ್ಲಿ ವಾಷರ್ ಕೇಳುತ್ತಿದ್ದವರು ಎಲ್ಲರೂ ಮಾತಿಗೆ ಸೇರಿಕೊಂಡಿದ್ದರು. ಒಬ್ಬರು ತುಕ್ಕು ಬಿಡಿಸುವ ಡಬ್ಲ್ಯೂಡಿ-40 ಸ್ಪ್ರೇ ಹೊಡೀರಿ ಅಂದರು. ತುಕ್ಕು ಹಿಡಿದ ನಟ್ಟಿನಿಂದ ಹಿಡಿದು ಮಕ್ಕಳ ಹಟದ ತನಕ ಈಚೆಗೆ ಎಲ್ಲಕ್ಕೂ ಅದನ್ನೇ ಹೇಳುತ್ತಾರೆ. ಇನ್ನೊಬ್ಬರು ಹ್ಯಾಕ್ಸಾದಲ್ಲಿ ಕುಯ್ದು ಬೆಸುಗೆ ಹಾಕಿಸಿ ಅಂದರು. ಮೂರನೆಯವರು, ಈಗ ಯಾರು ಸ್ವಾಮಿ ತೂಗುಮಣೆ ಇಟ್ಕೊತಾರೆ, ಬೆತ್ತದ ಗೂಡಿನ ಥರ ಬರುತ್ತಲ್ಲ, ಅದು ತಗೊಳ್ಳಿ ಅಂದರು. ಅವರನ್ನು ಸುಮ್ನೆ ನೋಡಿದೆ.

ಕೊನೆಗೆ ಅಂಗಡಿಯವರು ಒಳಗಿಂದ ಸರ್ಕ್ಲಿಪ್ ಪ್ಲೇಯರ್ ತಂದರು. ಅದರಲ್ಲಿ ಎರಡು ಜಾತಿ. ತೂತಿನ ಒಳಗೆ ಕೂತ ಬಳೆ ತೆಗೆಯುವುದು ಒಂದು, ಶಾಫ್ಟಿನ ಮೇಲೆ ಕೂತದ್ದನ್ನು ತೆಗೆಯುವುದು ಇನ್ನೊಂದು. ಎರಡನೆಯದೇ ನಾನು ಹುಡುಕುತ್ತಿದ್ದ ಗುಣದ್ದು. ಹಿಡಿ ಒತ್ತಿದರೆ ಮೂತಿ ಅಗಲವಾಗುತ್ತದೆ. ಮಾಮೂಲಿ ಪ್ಲೇಯರಿನ ಎರಡು ತೋಳು ನಡುವಿನ ಕೀಲಿನಲ್ಲಿ ಒಂದನ್ನೊಂದು ದಾಟಿ ಹೋಗುತ್ತವೆ, ಅದಕ್ಕೇ ಒತ್ತಿದರೆ ಮುಚ್ಚುತ್ತದೆ. ದಾಟದೆ ಬೆನ್ನಿಗೆ ಬೆನ್ನು ತಾಗಿಸಿ ನಿಲ್ಲಿಸಿದರೆ ಒತ್ತಿದಾಗ ತೆರೆಯುತ್ತದೆ. ನಮ್ಮ ಬಟ್ಟೆ ಕ್ಲಿಪ್ಪಿನ ಲೆಕ್ಕವೇ. ಸಂತೋಷವಾಯಿತು. ಆದರೆ ಮೂತಿ ನೋಡಿದರೆ ಸೂಜಿಗಿಂತ ಸ್ವಲ್ಪ ದಪ್ಪ. ನನ್ನ ಕೊಕ್ಕೆಗೆ ಅದನ್ನು ತೋರಿಸಿದರೂ ಮುರಿದುಹೋಗುತ್ತದೆ. ಇನ್ನೂ ಗಟ್ಟಿಯಾದದ್ದು ಇಲ್ವಾ ಅಂದೆ. ಇದೆ ಅಂತ ಹೋಗಿ ನಾಲ್ಕೂವರೆ ಅಡಿ ಹಾರೆ ತಂದು ಒರಗಿಸಿದರು. ಸೂಜಿಗೂ ಹಾರೆಗೂ ನಡುವೆ ಏನೂ ಇಲ್ಲವಂತೆ.

ಇರುವುದೇನೋ ಇದೆ. ಪೈಪ್‌ಲೈನ್ ಕೆಲಸದವರ ಹತ್ತಿರ ಪೈಪಿಗೆ ಪೈಪು ಜೋಡಿಸುವ ಎರಡು ಬಿಲ್ಲೆಗಳ, ಅಂದರೆ ಫ್ಲೇಂಜ್‌ಗಳ, ನಡುವೆ ತೂರಿಸಿ ಅಗಲಿಸುವ ಬೆಣೆಯಂಥ ಯಂತ್ರ ಇರುತ್ತದೆ. ಅಪಘಾತದಲ್ಲಿ ಜಜ್ಜಿಹೋದ ಕಾರಿನ ಬಾಗಿಲು ಬಿಡಿಸಲು ರಕ್ಷಣಾ ಸಿಬ್ಬಂದಿ ಹೈಡ್ರಾಲಿಕ್ ಸ್ಪ್ರೆಡರ್ ಬಳಸುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಜಾರ್ಜ್ ಹರ್ಸ್ಟ್ ರೇಸ್ ಕಾರಿನೊಳಗೆ ಸಿಕ್ಕಿಕೊಂಡವರನ್ನು ಹೊರಗೆಳೆಯಲು ಮಾಡಿದ್ದು. ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಜನ ಓಡಿಸುವ ಪರಿ ನೋಡಿದರೆ ಟೋಲ್‌ಗೆ ಒಂದರಂತೆ ಇಟ್ಟರೂ ಜಾಸ್ತಿ ಆಗಲಾರದು. ಆದರೆ ತೂಗುಮಣೆ ಕೊಕ್ಕೆಗೆ ಫೈರ್ ಎಂಜಿನ್ ಕರೆಸಲು ಆಗುತ್ತದಾ?

ಅಂತರ್ಜಾಲದ ಅಂಗಡಿಗಳ ವಿಷಯ ಹೇಳಿ ಪ್ರಯೋಜನವಿಲ್ಲ. '46 ಪೀಸ್ ಸೆಟ್' ಅಂತ ಹಸಿರು ಡಬ್ಬಿ ತೋರಿಸುತ್ತಾರೆ. ಎಲ್ಲವೂ ತಿರುಗಿಸುವವೇ.

ಈಗ ನಮ್ಮ ಬೀದಿಯ ಜಾವಾ ಅಂಕಲ್ ವಿಷಯಕ್ಕೆ ಬರಬೇಕು. ಅವರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. 1961ರಲ್ಲಿ ಅಲ್ಲಿ ಮೋಟಾರ್‌ಸೈಕಲ್ ತಯಾರಿಕೆ ಶುರುವಾಯಿತು. ಮೊದಲು ಜಾವಾ, ಆಮೇಲೆ ಯೆಜ್ಡಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂಕಲ್ ಮಟ್ಟಿಗೆ ಅದು ಇನ್ನೂ ಮುಚ್ಚಿಲ್ಲ. ಎಂಟು ಗಂಟೆಗೆ ಸರಿಯಾಗಿ ತಿಂಡಿ ಮುಗಿಸಿ, ಖಾಕಿ ಅಂಗಿ ಹಾಕಿ, ವರಾಂಡದಲ್ಲಿ ಪಾಳಿಗೆ ಕೂರುತ್ತಾರೆ. ಬೀದಿಯಲ್ಲಿ ಯಾವ ಬೈಕು ಹೋದರೂ ಶಬ್ದ ಕೇಳಿ ಕಾಯಿಲೆ ಹೇಳುತ್ತಾರೆ. ಓಡಿಸುವವನನ್ನು ನಿಲ್ಲಿಸಿಯೂ ಹೇಳುತ್ತಾರೆ. ಈಗಿನ ಬೈಕುಗಳ ಮೇಲೆ ಅವರಿಗೆ ಗೌರವವಿಲ್ಲ. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್ ಆಗುವ ಬುದ್ಧಿ ಇವರಿಗೆ ಯಾಕೆ ಹೊಳೀಲಿಲ್ಲ ಅಂತ ಕೇಳುತ್ತಾರೆ. ಒಂದು ಸಲ ಬ್ಯಾಟರಿ ಸ್ಕೂಟರ್ ಸದ್ದಿಲ್ಲದೆ ಹಾದುಹೋಯಿತು. ಅದನ್ನು ಅವರು ಅವಮಾನ ಅಂತಲೇ ತಿಳಿದರು.

ಅವರ ಹತ್ತಿರ ಸಾಮಾನಿನ ಪೆಟ್ಟಿಗೆ ಇದೆ. ಪೆಟ್ಟಿಗೆ ಅಂದರೆ ಕಡಿಮೆಯಾಯಿತು, ಒಂದು ಕೋಣೆಯೇ. ಊರಿಗೆಲ್ಲ ಅದರ ದರ್ಶನವಾಗುವುದು ಆಯುಧಪೂಜೆಯ ದಿನ ಮಾತ್ರ. ಎಲ್ಲವನ್ನೂ ಒರೆಸಿ, ಎಣ್ಣೆ ಹಚ್ಚಿ, ಅಳತೆ ಪ್ರಕಾರ ಜೋಡಿಸಿ ಕುಂಕುಮ ಇಡುತ್ತಾರೆ. ಚಾಮುಂಡಿ ಬೆಟ್ಟಕ್ಕೆ ಹೋಗದವರೂ ಅಲ್ಲಿಗೆ ಹೋಗಿ ಕೈಮುಗಿದು ಪುರಿ, ಕಡಲೆ ಇಸಿದುಕೊಂಡು ಬರುತ್ತಾರೆ. ಹೋದ ದಸರೆಯಲ್ಲಿ ಆ ಸಾಲಿನಲ್ಲಿ ಒಂದು ಉಲ್ಟಾ ಪ್ಲೇಯರನ್ನು ನಾನೇ ನೋಡಿದ್ದೆ. ಕೈಯುದ್ದದ್ದು, ದಪ್ಪ ಮೂತಿಯದು. ಯಾವುದೋ ಹಾಳು ಸ್ಪಾನರುಗಳನ್ನು ಕಾಯಿಸಿ ಬಗ್ಗಿಸಿ ತಾವೇ ಮಾಡಿಕೊಂಡದ್ದು ಅಂತ ಹೇಳಿದ್ದರು. ನನ್ನ ಕೊಕ್ಕೆಗೆ ಹೇಳಿ ಮಾಡಿಸಿದ ಹಾಗಿತ್ತು.

ಕೇಳೋದೇನೋ ಸುಲಭ. ಅಂಕಲ್ ಸಾಮಾನು ಕೊಡುವ ಕ್ರಮವೇ ಬೇರೆ. ಹಳೇ ಒಂಟಿಕೊಪ್ಪಲ್ ಪಂಚಾಂಗದ ಅಂಚಿನಲ್ಲಿ ಒಯ್ದವರ ಹೆಸರು ಬರೆದಿಡುತ್ತಾರೆ. ವಾಪಸು ಬಂದರೆ ಗೆರೆ ಎಳೆಯುತ್ತಾರೆ. ಬರದಿದ್ದರೆ ಗೆರೆ ಎಳೆಯುವುದಿಲ್ಲ, ಮಾತೂ ಆಡುವುದಿಲ್ಲ. ತೀರಿಹೋದ ಒಬ್ಬರ ಹೆಸರು ಇನ್ನೂ ಹಾಗೇ ಇದೆ. ಮುಂದೆ '12–13 ರಿಂಗ್ ಸ್ಪಾನರ್' ಅಂತ ಬರೆದಿದೆ. ರಾಹುಕಾಲದಲ್ಲಿ ಏನನ್ನೂ ಕೊಡುವುದಿಲ್ಲ. ಶನಿವಾರ ಕಬ್ಬಿಣ ಮನೆಯಿಂದ ಆಚೆ ಹೋಗಬಾರದು. ನಾನು ಹೋದದ್ದು ಶನಿವಾರ.

'ಕೂತ್ಕೊಳಿ' ಅಂದರು. ಕೂತೆ. ಕೊಕ್ಕೆಯ ಕತೆ ಕೇಳಿದರು. ಆಮೇಲೆ ಸರ್ಕ್ಲಿಪ್ಪಿನ ಕತೆ ಶುರು ಮಾಡಿದರು. ಪಿಸ್ಟನ್ನಿನ ಪಿನ್ನು ಆಚೀಚೆ ಜಾರದಂತೆ ಎರಡು ತುದಿಗೂ ತಂತಿಯ ಸಣ್ಣ ಬಳೆ ಕೂರಿಸಿರುತ್ತಾರೆ. ಅದನ್ನು ತೆಗೆಯುವಾಗ ಕೈ ಸ್ವಲ್ಪ ತಪ್ಪಿದರೆ ಟಣ್ ಅಂತ ಹಾರುತ್ತದೆ. ಮೂಲೆಗೆ ಹಾರಿದರೆ ಪುಣ್ಯ. ಕೆಳಗೆ ಬಾಯಿ ತೆರೆದುಕೊಂಡಿರುವ ಕ್ರ್ಯಾಂಕ್‌ಕೇಸಿನೊಳಗೆ ಬಿದ್ದರೆ ಇಡೀ ಎಂಜಿನ್ ಬಿಚ್ಚಬೇಕಾಗಬಹುದು. ಅದಕ್ಕೇ ಮೊದಲು ಅಲ್ಲೊಂದು ಬಟ್ಟೆ ತುರುಕಬೇಕು. ತುರುಕದ ಒಬ್ಬ ಹೊಸ ಹುಡುಗನ ಕತೆ ಬಂತು. ಆ ಹುಡುಗನ ಮದುವೆಯ ಕತೆ ಬಂತು. ಮದುವೆಮನೆಯಲ್ಲಿ ಸಾರು ಸಾಲದೆ ಬಂದದ್ದು, ಬೀಗರು ಮುನಿಸಿಕೊಂಡದ್ದು, ಕಾರ್ಖಾನೆಯ ಗೆಳೆಯರೆಲ್ಲ ಸೇರಿ ಬೈಕುಗಳಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ ಹೋಟೆಲೊಂದರಿಂದ ಕೊಳದಪ್ಪಲೆಯಲ್ಲಿ ಸಾರು ಹೊತ್ತು ತಂದದ್ದು. ದಾರಿಯಲ್ಲಿ ಕೊಳದಪ್ಪಲೆಯ ಮುಚ್ಚಳ ಬಿಗಿದು ಕೂತು, ಮದುವೆಮನೆಯಲ್ಲಿ ಅದನ್ನು ಯಾರಿಗೂ ತೆಗೆಯಲು ಬಾರದೆ ಹೋದದ್ದು. ಇಲ್ಲಿ ನನಗೆ ಆಸೆ ಚಿಗುರಿತು. 'ಹೇಗೆ ಬಿಡಿಸಿದ್ರಿ?' ಅಂತ ಕೇಳಿದೆ. 'ಬಿಸಿ ಆರಿದ ಮೇಲೆ ಒಳಗಿನ ಗಾಳಿ ಕುಗ್ಗಿ ಮುಚ್ಚಳ ಹಿಡ್ಕೊಂಡಿತ್ತು. ಮತ್ತೆ ಒಲೆ ಮೇಲಿಟ್ಟೆ, ತಾನೇ ಬಿಡ್ತು' ಅಂದರು. ಪ್ಲೇಯರಿನ ವಿಷಯ ಬರಲೇ ಇಲ್ಲ. ಕಾಫಿ ಬಂತು.

ಭಾನುವಾರ ಮತ್ತೆ ಹೋದೆ. ಅವರು ಇರಲಿಲ್ಲ, ನಂಜನಗೂಡಿಗೆ ಹೋಗಿದ್ದರು. ಕೋಣೆಗೆ ಬೀಗ.

ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಅಶೋಕ ರಸ್ತೆಯಲ್ಲಿ ಹೆಂಡತಿಯ ಸರದ ಬಳೆ ಬೆಸೆಸಲು ಹೋದಾಗ ಅಕ್ಕಸಾಲಿಗರ ಮುಂದೆಯೂ ಇದೇ ಮಾತು. ಅವರು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ತಲೆ ಆಡಿಸಿದರು. ಬಳೆಯನ್ನು ಯಾವತ್ತೂ ಎಳೆದು ಅಗಲಿಸಬಾರದು, ರೂಪ ಕೆಡುತ್ತದೆ. ಎರಡು ಇಕ್ಕಳದಲ್ಲಿ ಎರಡು ತುದಿ ಹಿಡಿದು ಒಂದನ್ನು ಮುಂದಕ್ಕೆ, ಒಂದನ್ನು ಹಿಂದಕ್ಕೆ ತಿರುಚಬೇಕು. ಮುಚ್ಚುವಾಗಲೂ ಹಾಗೇ. ಮಾಡಿಯೂ ತೋರಿಸಿದರು. ಚೆನ್ನಾಗಿತ್ತು. ಆದರೆ ಅವರ ಬಳೆ ಮೂಗುತಿಯಷ್ಟು. ನನ್ನದು ನಾಲ್ಕು ಜನ ಕೂತು ತೂಗಿಕೊಳ್ಳುವ ಕಬ್ಬಿಣ.

ಮಂಡ್ಯದಲ್ಲಿರುವ ಸೋದರಮಾವ ಫೋನಿನಲ್ಲಿ ಕೇಳಿ ನಕ್ಕುಬಿಟ್ಟರು. ಕಬ್ಬಿಣ ಅಗಲ ಮಾಡೋಕೆ ಸಾಮಾನು ಯಾಕೋ, ಬೆಂಕಿ ಸಾಕು ಅಂದರು. ಅವರ ಹುಡುಗತನದಲ್ಲಿ ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ಊರಿಗೆ ಊರೇ ನಿಂತು ನೋಡುತ್ತಿತ್ತಂತೆ. ಬೆರಣಿ ಸುತ್ತ ಒಟ್ಟಿ ಪಟ್ಟಿ ಕಾಯಿಸುತ್ತಾರೆ. ಹಿಗ್ಗಿದ ಮೇಲೆ ಉದ್ದನೆ ಇಕ್ಕಳಗಳಲ್ಲಿ ಎತ್ತಿ ಮರದ ಚಕ್ರಕ್ಕೆ ತೊಡಿಸಿ ನೀರು ಹೊಯ್ಯುತ್ತಾರೆ. ಕುಗ್ಗಿ ಕಚ್ಚಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿದೆ. ಒಂದೂವರೆ ಮೀಟರ್ ಅಡ್ಡಳತೆಯ ಪಟ್ಟಿಯನ್ನು 500 ಡಿಗ್ರಿ ಜಾಸ್ತಿ ಕಾಯಿಸಿದರೆ ಅಡ್ಡಳತೆ ಸುಮಾರು 9 ಮಿಲಿಮೀಟರ್ ಹೆಚ್ಚುತ್ತದೆ. ಅಷ್ಟರಲ್ಲೇ ಗಾಡಿ ಚಕ್ರ ವರ್ಷಗಟ್ಟಲೆ ಬಾಳುತ್ತದೆ. ಮಾವ ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮೈಸೂರಿನವರು ಬರೀ ಮಾತಿನವರು ಅಂತಲೂ ಸೇರಿಸಿದರು. ಕಬ್ಬಿಗೆ ನೀರು ಬಿಟ್ಟರಾ ಅಂತ ಕೇಳಿ ಫೋನ್ ಇಟ್ಟೆ.

ಕೊಕ್ಕೆ ಕೊನೆಗೆ ಕಮ್ಮಾರರ ಹತ್ತಿರವೇ ಹೋಯಿತು. ಅವರು ಯಾತಕ್ಕೆ ಅಂತ ಕೇಳಲಿಲ್ಲ. ಕೆಂಪಗೆ ಕಾಯಿಸಿದರು, ಸಂದಿಗೆ ಚಪ್ಪಟೆ ಉಳಿ ಇಟ್ಟು ಎರಡು ಏಟು ಹಾಕಿದರು, ನೀರಿಗೆ ಬಿಡದೆ ಬೂದಿಯಲ್ಲಿ ಆರಲು ಬಿಟ್ಟರು. ತಕ್ಷಣ ತಣ್ಣಗೆ ಮಾಡಿದರೆ ಕೆಲವು ಉಕ್ಕು ಗಡುಸಾಗಿ ಸಿಡಿಯುತ್ತದಂತೆ. ನಾನು ಹುಡುಕುತ್ತಿದ್ದ ಸಾಮಾನು ಬರೀ ಒಂದು ಉಳಿ. ಅದಕ್ಕೆ ಹಿಡಿಯೂ ಇರಲಿಲ್ಲ. ತೂಗುಮಣೆ ಮೇಲೇರಿತು.

ಆ ರಾತ್ರಿ ಊಟದ ಹೊತ್ತಿಗೆ ಜಾವಾ ಅಂಕಲ್ ಫೋನ್ ಮಾಡಿದರು. ಅವರಿಗೆ ದಾರಿ ಹೊಳೆದಿತ್ತು. ಆಯಿತು ಅಂಕಲ್, ಕೆಲಸ ಮುಗೀತು ಅಂದೆ. 'ಅದಿರ್ಲಿ, ಕೇಳಿ ಇಲ್ಲಿ' ಅಂದರು. ಪ್ಲೇಯರ್ ಯಾವುದೂ ಬೇಡವಂತೆ. ಉದ್ದನೆ ನಟ್ಟಿಗೆ ಗಿಡ್ಡ ಬೋಲ್ಟು ಪೂರ್ತಿ ತಿರುಗಿಸಿ ಕೊಕ್ಕೆಯ ಹೊಟ್ಟೆಯೊಳಗೆ ಅಡ್ಡ ಇಡಬೇಕು. ಆಮೇಲೆ ಸ್ಪಾನರ್ ಹಾಕಿ ಬಿಚ್ಚುತ್ತಾ ಹೋಗಬೇಕು. ಬಿಚ್ಚಿದಷ್ಟೂ ಜೋಡಿ ಉದ್ದವಾಗುತ್ತದೆ, ಕೊಕ್ಕೆ ಬಾಯಿ ಬಿಡಲೇಬೇಕು. ಲಾರಿ ಎತ್ತುವ ಸ್ಕ್ರೂ ಜಾಕು ಮಾಡುವ ಕೆಲಸವೂ ಇದೇ.

ಉಪಾಯ ಒಳ್ಳೆಯದೇ, ಒಪ್ಪಿಕೊಂಡೆ. 8 ಎಂಎಂ ಬೋಲ್ಟು ಸಾಕಲ್ವಾ ಅಂದೆ. ಸಾಲದು, 10 ಆಗಬೇಕು ಅಂದರು. ಕೊಕ್ಕೆಯೇ ಕಿರುಬೆರಳು ದಪ್ಪ, ಅದಕ್ಕೆ 10 ಯಾಕೆ ಅಂದೆ. ನೀವು ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದೀರಾ ಅಂದರು. ಮಾತು ಬೆಳೆಯಿತು. ಅನ್ನ ಆರಿತು. ನನಗೀಗಲೂ 8 ಸಾಕು ಅನ್ನಿಸುತ್ತದೆ.