ಜೀಪು ಹತ್ತಿ ಆನ್‌ಲೈನಿಗೆ

ಬೆಂಗಳೂರಿನಲ್ಲಿ ಕುಳಿತ ಹಿರಿಯ ಅಧಿಕಾರಿಗಳು ಮಂಡ್ಯ ಜಿಲ್ಲೆಯ ಏಳೂ ತಾಲ್ಲೂಕುಗಳ ಅಧಿಕಾರಿಗಳೊಡನೆ, ಯಾರಿಗೂ ಪ್ರಯಾಣದ ಶ್ರಮವಾಗದಂತೆ ಮಾತನಾಡಲಿ ಎಂಬ ಘನ ಉದ್ದೇಶದಿಂದಲೇ ವಿಡಿಯೊ ಸಂವಾದ ಬಂದಿತು. ಆದ್ದರಿಂದ ಸಂವಾದವಿರುವ ದಿನ ಕೆ.ಆರ್. ಪೇಟೆಯ ಅಧಿಕಾರಿಗಳು ಬೆಳಿಗ್ಗೆಯೇ ಜೀಪು ಹತ್ತಿ, 50 ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿ ಮಂಡ್ಯದ ಸಭಾಂಗಣಕ್ಕೆ ಬರುತ್ತಾರೆ. ನಾಗಮಂಗಲದವರೂ ಮಳವಳ್ಳಿಯವರೂ ಬರುತ್ತಾರೆ. ಸಭೆಯ ಲಿಂಕು ಅವರವರ ಮೊಬೈಲಿನಲ್ಲಿಯೇ ಇರುತ್ತದೆ. ಆದರೆ ಅದನ್ನು ಒತ್ತಿ ತಮ್ಮ ಕಚೇರಿಯಿಂದಲೇ ಸೇರಿಕೊಂಡರೆ ಅದು ಅವಿಧೇಯತೆ. ದೂರದಿಂದ ಮಾತನಾಡುವುದಕ್ಕೂ ಖುದ್ದು ಹಾಜರಿ ಕಡ್ಡಾಯ. ಇಲಾಖೆಯ ಹೆಸರು ಬೇಡ. ಓದುಗರಲ್ಲಿ ಹಲವರು ಅದು ತಮ್ಮದೇ ಎಂದು ಈಗಾಗಲೇ ಗುರುತಿಸಿರುತ್ತಾರೆ.

ಸಭಾಂಗಣದ ಕ್ಯಾಮೆರಾ ಮೊದಲ ಸಾಲನ್ನಷ್ಟೇ ತೋರಿಸುವುದರಿಂದ, ಹಿಂದಿನ ಸಾಲಿನ ಉತ್ಸಾಹಿಯೊಬ್ಬರು ತಮ್ಮ ಹಾಜರಿ ಮೇಲಿನವರ ಗಮನಕ್ಕೆ ಬರಲೆಂದು ಮೊಬೈಲಿನಿಂದಲೂ ಸೇರಿಕೊಳ್ಳುತ್ತಾರೆ. ಅಲ್ಲಿಗೆ ಪ್ರತಿಧ್ವನಿ ಶುರು. ಪ್ರತಿಯೊಂದು ಸಾಧನವೂ ತಾನು ನುಡಿಸಿದ ದನಿಯನ್ನಷ್ಟೇ ಗುರುತಿಸಿ ಅಳಿಸಬಲ್ಲದು. ಪಕ್ಕದ ಸ್ಪೀಕರಿನಿಂದ ಬಂದುದನ್ನು ಯಾರೋ ಹೊಸದಾಗಿ ಆಡಿದ ಮಾತೆಂದೇ ಬಗೆದು ನಿಷ್ಠೆಯಿಂದ ಬೆಂಗಳೂರಿಗೆ ರವಾನಿಸುತ್ತದೆ. ತಾವು ಕೇಳಿದ ಪ್ರಶ್ನೆಯನ್ನು ತಮಗೇ ಯಾರೋ ಕೇಳಿದಂತಾದಾಗ ಹಿರಿಯರು, “ಯಾರ್ರೀ ಅದು? ಮ್ಯೂಟ್ ಮಾಡ್ರೀ” ಎಂದು ಗುಡುಗುತ್ತಾರೆ. ಎಲ್ಲರೂ ಏಕಕಾಲಕ್ಕೆ ಆಜ್ಞೆಯನ್ನು ಪಾಲಿಸುತ್ತಾರೆ, ಸಭಾಂಗಣದ ಮುಖ್ಯ ಮೈಕನ್ನು ನೋಡಿಕೊಳ್ಳುವವರೂ ಸೇರಿದಂತೆ. ಆಮೇಲೆ ಪಾಂಡವಪುರದ ಅಧಿಕಾರಿ ಎದ್ದು ನಿಂತು ಒಪ್ಪಿಸುವ ಪ್ರಗತಿ ವರದಿ ಮಂಡ್ಯದ ಗೋಡೆಗಳನ್ನು ದಾಟುವುದಿಲ್ಲ.

ಮಾತು ಒಂದು ತುದಿಯಿಂದ ಇನ್ನೊಂದು ತುದಿಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಂಭಾಷಣೆ ಸರಾಗವೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಲೆಕ್ಕ. ಇಲ್ಲಿ ಉತ್ತರವು ವಿಷಯ ನಿರ್ವಾಹಕರ ಚೀಟಿಯಿಂದ ವ್ಯವಸ್ಥಾಪಕರಿಗೆ, ವ್ಯವಸ್ಥಾಪಕರಿಂದ ಅಧಿಕಾರಿಯ ಕಿವಿಗೆ ಬಂದು ಆಮೇಲೆ ಮೈಕು ಸೇರಬೇಕಾದುದರಿಂದ, ಆಗುವ ವಿಳಂಬಕ್ಕೆಲ್ಲ ನೆಟ್‌ವರ್ಕನ್ನು ದೂರುವುದು ಅನ್ಯಾಯ. ದೂರುವುದಂತೂ ಅದನ್ನೇ.

ಪಕ್ಕದ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಬಿತ್ತರಿಸಿದರು. ಇಂದಿನ ಸುತ್ತೋಲೆ ಅಂದೇ ಜಾರಿಯಲ್ಲಿದ್ದಿದ್ದರೆ ಕೇಳುಗರೆಲ್ಲ ಅವರ ಮನೆಯ ಜಗಲಿಗೆ ಬಂದು ಸಹಿ ಹಾಕಿ, ಆಮೇಲೆ ಹಾಡು ಕೇಳಬೇಕಾಗುತ್ತಿತ್ತು.

ಸಹಿಯೆಂದರೆ ಸಣ್ಣ ವಿಷಯವಲ್ಲ. ಸೇರಿದವರ ಹೆಸರು ಪರದೆಯ ಅಂಚಿನಲ್ಲಿ ತಾನಾಗಿಯೇ ಮೂಡುತ್ತಿದ್ದರೂ ಬಾಗಿಲ ಬಳಿ ದಾರ ಕಟ್ಟಿದ ಪೆನ್ನಿನೊಡನೆ ಹಾಜರಿ ಪುಸ್ತಕ ಕಾದಿರುತ್ತದೆ. ಆ ಸಹಿಯಿಲ್ಲದೆ ಪ್ರಯಾಣ ಭತ್ಯೆಯ ಬಿಲ್ಲು ಮುಂದಕ್ಕೆ ಹೋಗುವುದಿಲ್ಲ. ಬಿಲ್ಲಿನ ‘ಪ್ರಯಾಣದ ಉದ್ದೇಶ’ ಎಂಬ ಅಂಕಣದಲ್ಲಿ ಪ್ರಥಮ ದರ್ಜೆ ಸಹಾಯಕರು ‘ಆನ್‌ಲೈನ್ ಸಭೆ’ ಎಂದು ದುಂಡಗೆ ಬರೆಯುತ್ತಾರೆ. ಲೆಕ್ಕ ತಪಾಸಣೆಯವರು ಆ ಸಾಲನ್ನು ಹಲವು ಬಾರಿ ಓದಿದ್ದಾರೆ. ಅವರು ಎತ್ತಿದ ಆಕ್ಷೇಪಣೆ ಒಂದೇ: ಜೀಪು ಇಲಾಖೆಯದಾಗಿರುವಾಗ ಬಸ್ ಟಿಕೆಟ್ ಲಗತ್ತಿಸಿರುವುದೇಕೆ?