ಪಂಜಾ ಎಲ್ಲಾರಿಗೂ ಗೊತ್ತು, ಜಕಾತಿನ ಲೆಕ್ಕ ಯಾರಿಗೂ ಬ್ಯಾಡ

ರಂಜಾನ್ ಬಂತಂದ್ರ ನನ್ನ ವಾಟ್ಸಾಪಿಗೆ ಬರೂ ಪ್ರಶ್ನೆ ಎರಡ. ಸುರಕುಂಬಾ (ಹಬ್ಬದ ಶ್ಯಾವಿಗಿ ಪಾಯಸ) ಯಾವಾಗ ಕೊಡ್ತೀರಿ ಅಕ್ಕಾರ ಅನ್ನೂದು ಒಂದು, ಹಬ್ಬ ನಾಳೆನೋ ನಾಡಿದ್ದೋ ಅನ್ನೂದು ಇನ್ನೊಂದು. ಮೊಹರಂ ಬಂದ್ರ ಗುಲಾಬಿ ಹೂವಿನ ಫೋಟೋ ಹಾಕಿ "ನಿಮ್ಮ ಹಬ್ಬದ ಶುಭಾಶಯ್ರಿ" ಅಂತ ಕಳಸ್ತಾರ. ಪ್ರೀತಿಲೆ ಕಳಸ್ತಾರ, ನನಗೇನೂ ಸಿಟ್ಟಿಲ್ಲ. ಆದ್ರ ಗದಗ ಹುಬ್ಬಳ್ಳಿ ಕಡೆ ಒಂದ ಓಣ್ಯಾಗ ಅಜ್ಜ ಮುತ್ಯಾನ ಕಾಲದಿಂದ ಬಾಳೇ ಮಾಡಿದ್ರೂ ನಮ್ಮ ಧರ್ಮದಾಗ ಮಂದಿಗೆ ಗೊತ್ತಿರೂದು ಕಣ್ಣಿಗೆ ಕಾಣೂ ಪಾಲು ಅಷ್ಟ, ಟೊಪಿಗಿ, ಗಡ್ಡ, ಬುರ್ಖಾ, ಬಿರಿಯಾನಿ, ಮೊಹರಂದಾಗ ಕೂಡಸೂ ಹಸ್ತದ ಆಕಾರದ ಪಂಜಾ. ಲೆಕ್ಕದ ಪಾಲು, ಅಂದ್ರ ನಮ್ಮ ರೊಕ್ಕದಾಗ ವರ್ಷಾ ವರ್ಷಾ ಬಡವರಿಗೆ ಕೊಡಲೇಬೇಕಾದ ಜಕಾತಿನಂಥದ್ದು, ಗೊತ್ತಿಲ್ಲ. ಅವರದೇನು ಬಿಡ್ರಿ, ನಮ್ಮವರಿಗೇ ಲೆಕ್ಕದ ಪಾಲು ಬ್ಯಾಡಾಗೈತಿ, ಇವತ್ತು ಬರಿಯಾಕ ಕುಂತಿದ್ದು ಅದಕ್ಕ.

ಮೊದಲ ಮೊಹರಂ ಮಾತು ಮುಗಿಸಿ ಬಿಡ್ತೀನಿ. ನಮ್ಮ ಕಡೆ ಒಂದ ಒಂದು ಸಾಬರ ಮನಿ ಇಲ್ಲದ ಹಳ್ಳ್ಯಾಗೂ ಪಂಜಾ ಕೂಡಸ್ತಾರ, ಅಲಾವಿ ಕುಣಿ ತೋಡಿ ಬೆಂಕಿ ಮಾಡ್ತಾರ, ಕತ್ತಲ ರಾತ್ರಿ ಬೆಳತನಕ ಹೆಜ್ಜಿ ಹಾಕ್ತಾರ, ರಿವಾಯತ್ ಪದ ಹಾಡ್ತಾರ, ಹರಕಿ ಹೊತ್ತ ಮನಿ ಹುಡುಗರು ಲಾಡಿ ಹಾಕ್ಕೊಂಡು ಫಕೀರ ಆಗ್ತಾರ, ಮನಿಮನ್ಯಾಗ ಚೋಂಗೆ ಅನ್ನೂ ಸಿಹಿ ತಿನಿಸು. ಹುಸೇನಪ್ಪ, ಫಕೀರಪ್ಪ, ಫಕೀರವ್ವ ಅಂತ ಹೆಸರಿಟ್ಕೊಂಡ ಹಿಂದೂ ಮಂದಿ ಎಷ್ಟರ ಅದಾರ. ಶಿಗ್ಗಾಂವಿ ಕಡೆಯ ಶಿಶುನಾಳ ಶರೀಫ್ರು ಸುದ್ದಾ ಮೊಹರಂ ಪದ ಕಟ್ಟಿದವರ, ಗೋವಿಂದ ಭಟ್ಟರನ್ನ ಗುರು ಅಂತ ನಂಬಿದವರೂ ಅವರ. ಇಷ್ಟೆಲ್ಲಾ ಇರೂದು ನನಗ ಹೆಮ್ಮಿನ. ಆದ್ರ ಅದು ಹಬ್ಬ ಅಲ್ಲ್ರೀಪಾ. 680ನೇ ಇಸವಿಯೊಳಗ ಇರಾಕಿನ ಕರ್ಬಲಾದಾಗ, ಮೊಹರಂ ತಿಂಗಳ 10ನೇ ದಿನ, ಪೈಗಂಬರರ ಮೊಮ್ಮಗ ಹುಸೇನರನ್ನ ಆಗಿನ ಖಲೀಫಾ ಯಜೀದನ ಸೈನ್ಯ ಕೊಂದ ದಿನ ಅದು, ಫುರಾತ್ ನದಿ ಬಾಜೂಕ ಇದ್ರೂ ಕೂಸುಗಳಿಗೆ ಸುದ್ದಾ ನೀರು ಕೊಡದ ಕೊಂದ್ರು. ಶಿಯಾಗಳು ಎದಿ ಬಡಕೊಂಡು ಅಳೂ ದಿನ, ಸುನ್ನಿಗಳೊಳಗ ಭಾಳ ಮಂದಿ ರೋಜಾ ಹಿಡಿಯೂ ದಿನ. ಶುಭಾಶಯ ಹೇಳೂ ದಿನ ಅಲ್ಲ, ಅಷ್ಟ.

ಮತ್ತ ಇನ್ನೊಂದು ಮಾತು, ಇಸ್ಲಾಮಿನ ಐದು ಕಂಬ ಅಂತಾರಲ್ಲ, ಆ ಐದರಾಗ ಪಂಜಾ ಇಲ್ಲ, ಉರುಸಿಲ್ಲ, ಗಂಧ ಇಲ್ಲ, ದರ್ಗಾಕ್ಕ ಹೋಗಿ ಸಕ್ರಿ ಓದಸೂದೂ ಇಲ್ಲ. ಇದನ್ನ ಹಿಡಕೊಂಡ ಈಗ ಕೆಲವು ಹುಡುಗರು ಊರಾಗಿನ ಹಿರ್ಯಾರ ಜೋಡಿ ಜಗಳಾ ತಗೀತಾರ, ಪಂಜಾ ಬಂದ್ ಮಾಡ್ರಿ, ದರ್ಗಾದಾಗ ಬೇಡಕೊಳ್ಳೂದು ಶಿರ್ಕ್ ಅಂತ. ಶಿರ್ಕ್ ಅಂದ್ರ ಅಲ್ಲಾಹನ ಜೋಡಿ ಇನ್ನೊಬ್ಬರನ್ನ ಪಾಲುದಾರ ಮಾಡೂದು, ಇಸ್ಲಾಮಿನಾಗ ಅದಕ್ಕಿಂತ ದೊಡ್ಡ ಪಾಪ ಇಲ್ಲ. ವಲಿಗಳ, ಅಂದ್ರ ಸಂತರ ಹತ್ರ ಹೋಗಿ ದುವಾ ಮಾಡೂದು ಅದರಾಗ ಬರ್ತೈತೋ ಇಲ್ಲೋ ಅನ್ನೂದರ ಮ್ಯಾಲ ಬರೇಲ್ವಿ, ದೇವಬಂದಿ ಅನ್ನೂ ಎರಡು ಪಂಥದ ಉಲಮಾಗಳ (ಧರ್ಮ ಪಂಡಿತರ) ವಾದ ಯಾವಾಗಿಂದೋ ನಡದೈತಿ, ನಾನು ಅದಕ್ಕ ಕೈ ಹಾಕಂಗಿಲ್ಲ. ನನ್ನ ಪ್ರಶ್ನೆ ಬ್ಯಾರೆ. ಪಂಜಾ ಬಂದ್ ಮಾಡ್ರಿ ಅಂತ ಒದರೂ ಹುಡುಗ ತನ್ನ ಅಂಗಡಿ ಮಾಲಿನ ಜಕಾತ್ ತಗದಾನೇನು?

ಗೊತ್ತಿಲ್ಲದವರಿಗೆ ಒಂದ ಉಸಿರಿನಾಗ ಹೇಳ್ತೀನಿ. ನಂಬೂದು ಆರು: ಅಲ್ಲಾಹ ಒಬ್ಬನ, ಅವನ ಮಲಾಯಿಕಾ ಅಂದ್ರ ದೇವದೂತರು, ಅವನು ಕಳಸಿದ ಗ್ರಂಥಗಳು (ಕುರ್‌ಆನ್ ಒಂದ ಅಲ್ಲ, ಮೂಸಾರಿಗೆ ಕೊಟ್ಟ ತೌರಾತ್, ದಾವೂದರ ಜಬೂರ್, ಈಸಾರ ಇಂಜೀಲ್ ಸೈತ), ಆದಮರಿಂದ ಹಿಡದು ಮುಹಮ್ಮದರ ತನಕ ಬಂದ ಪೈಗಂಬರರು, ಕಿಯಾಮತಿನ ದಿನ ಅಂದ್ರ ಎಲ್ಲಾರೂ ಲೆಕ್ಕ ಕೊಡೂ ಕಡೀ ದಿನ, ಮತ್ತ ತಕ್ದೀರ್ ಅಂದ್ರ ಹಣೆಬರಹ. ಈಸಾ ಅಂದ್ರ ಏಸು, ನಮಗೂ ಪೈಗಂಬರ, ದೇವರ ಮಗ ಅಂತ ಮಾತ್ರ ನಂಬಂಗಿಲ್ಲ. ಮಾಡೂದು ಐದು: ಕಲಿಮಾ (ನಂಬಿಕಿ ಸಾರೂ ಮಾತು), ನಮಾಜ್, ರೋಜಾ, ಜಕಾತ್, ಹಜ್. ನಮಾಜ್ ದಿನಕ್ಕ ಐದು ಹೊತ್ತು, ಫಜರ್, ಜೊಹರ್, ಅಸರ್, ಮಗ್ರಿಬ್, ಇಶಾ, ಫರ್ಜ್ (ಕಡ್ಡಾಯದ್ದು) ಅಷ್ಟ ಎಣಿಸಿದ್ರ ಒಟ್ಟು 17 ರಕಾತ್, ಅಂದ್ರ ನಿಂತು, ಬಾಗಿ, ನೆಲಕ್ಕ ಹಣಿ ಹಚ್ಚೂ ಸುತ್ತು. ಮೊದಲ ವಜೂ, ಕೈ ಬಾಯಿ ಮೂಗು ಮುಖ ಮೊಣಕೈತನಕ ತೊಳಕೊಂಡು, ತಲಿಗೆ ಒದ್ದಿ ಕೈ ಆಡಿಸಿ, ಕಾಲು ತೊಳಕೊಂಡು, ಆಮ್ಯಾಲ ಮಕ್ಕಾದ ಕಾಬಾದ ಕಡೆ ಮುಖ, ಹುಬ್ಬಳ್ಳಿಯಿಂದ ಆದ್ರ ಪಶ್ಚಿಮಕ್ಕ, ಸ್ವಲ್ಪ ಉತ್ತರಕ್ಕ ವಾಲಿ. ಕಾಬಾನ ಪೂಜಿ ಮಾಡ್ತೀರಿ ಹೌದಿಲ್ಲೋ ಅಂತ ಕೇಳ್ತಾರ, ಇಲ್ಲ್ರಿ, ಎಲ್ಲಾರೂ ಒಂದ ದಿಕ್ಕಿಗೆ ನಿಲ್ಲಲಿ ಅಂತ ಅದು.

ರೋಜಾದ್ದು ಎಲ್ಲಾರಿಗೂ ಗೊತ್ತು. ನೀರೂ ಕುಡಿಯಂಗಿಲ್ಲೇನು ಅನ್ನೂ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ನನಗ ಸಾಕಾಗೈತಿ, ಹೌದು, ನೀರೂ ಕುಡಿಯಂಗಿಲ್ಲ. ಹಿಜ್ರಿ ವರ್ಷ ಚಂದ್ರನ ಲೆಕ್ಕದ್ದು, 354 ದಿನ, ಇಲ್ಲಾ 355, ಹಿಂಗಾಗಿ ರಂಜಾನ್ ವರ್ಷಾ ವರ್ಷಾ 10-11 ದಿನ ಮುಂಚೆ ಬರ್ತೈತಿ, 2030ರಾಗಂತೂ ಒಂದ ಇಸವಿಯೊಳಗ ಎರಡು ಸಲ ಸುರು ಆಗೂದೈತಿ, ಜನವರಿಗೊಮ್ಮೆ ಡಿಸೆಂಬರ್ ಕೊನಿಗೊಮ್ಮೆ. ಗದಗಿನ ಮೇ ತಿಂಗಳ ಬಿಸಲಾಗ ರೋಜಾ ಹಿಡದವರಿಗೆ ಡಿಸೆಂಬರಿನ ರೋಜಾ ಅಂದ್ರ ಬೋನಸ್ ಇದ್ದಂಗ. ಆರಾಮಿಲ್ಲದವರಿಗೆ, ಪ್ರಯಾಣದಾಗ ಇರೂರಿಗೆ ಆಗ ಬಿಟ್ಟು ಆಮ್ಯಾಲ ಹಿಡಿಯಾಕ ಅವಕಾಶ ಐತಿ. ಹೆಣ್ಣಮಕ್ಕಳಿಗೆ ತಿಂಗಳ ದಿನದಾಗ ನಮಾಜ್ ಪೂರಾ ಮಾಫ್, ರೋಜಾ ಮಾತ್ರ ಆಮ್ಯಾಲ ತೀರಸಬೇಕು. ಇಷ್ಟು ಸರಳ ವಿಷಯ, ಆದ್ರ ಮನ್ಯಾಗ ಗಂಡಸರಿಗೆ ಕಾಣದಂಗ ಅಡಗಿಮನಿ ಮೂಲ್ಯಾಗ ನಿಂತು ನೀರು ಕುಡಿಯೂ ಪದ್ಧತಿ ಯಾರು ಹಾಕಿದ್ರೋ ಏನೋ, ಶರಿಯತ್ತಿನಾಗಂತೂ ಅದಿಲ್ಲ.

ಈಗ ಜಕಾತಿಗೆ ಬರ್ತೀನಿ. ಕುರ್‌ಆನಿನಾಗ ನಮಾಜ್ ಮಾಡ್ರಿ ಅಂತ ಹೇಳಿದ ಕಡೆ ಭಾಳ ಸಲ ಜಕಾತ್ ಕೊಡ್ರಿ ಅನ್ನೂ ಮಾತು ಜೋಡಿನ ಬರ್ತೈತಿ. ಆದ್ರ ಮಸೂತಿಗೆ ಹೋದದ್ದನ್ನ ಊರು ನೋಡ್ತೈತಿ, ಜಕಾತ್ ಕೊಟ್ಟದ್ದು ಯಾರಿಗೂ ಕಾಣಂಗಿಲ್ಲ, ಅದಕ್ಕ ಒಂದು ಮಾಡಿ ಇನ್ನೊಂದು ಬಿಟ್ಟವರು ಆರಾಮ ಅದಾರ. ದಾನ ಅಂತ ತಿಳಕೊಂಡಾರ ಭಾಳ ಮಂದಿ. ದಾನ ಅಲ್ಲ ಅದು, ಮನಸ್ಸಾದ್ರ ಕೊಡೂದು ಸದಖಾ, ಜಕಾತ್ ಅಂದ್ರ ನಿಮ್ಮ ರೊಕ್ಕದಾಗ ಬಡವನ ಪಾಲು, ಕೊಡಲಿಲ್ಲಂದ್ರ ಅವನದನ್ನ ನೀವು ಇಟ್ಕೊಂಡಂಗ.

ಲೆಕ್ಕ ಹಿಂಗೈತಿ. ನಮ್ಮ ಕಡೆ ಹನಫಿ ಮಜಹಬ್ (ಧರ್ಮಶಾಸ್ತ್ರದ ಪಂಥ) ನಡೀತೈತಿ, ಅದರ ಪ್ರಕಾರ ನಿಸಾಬ್, ಅಂದ್ರ ಇಷ್ಟಿದ್ರ ಜಕಾತ್ ಬೀಳೂ ಮಿತಿ, ಏಳೂವರಿ ತೊಲಿ ಬಂಗಾರ, ಇಲ್ಲಾ ಐವತ್ತೆರಡೂವರಿ ತೊಲಿ ಬೆಳ್ಳಿ, ಇಲ್ಲಾ ಅಷ್ಟು ಬೆಳ್ಳಿ ಕಿಮ್ಮತ್ತಿನ ರೊಕ್ಕ ಅಥವಾ ವ್ಯಾಪಾರದ ಮಾಲು. ತೊಲಿ ಅಂದ್ರ ಈಗ ಅಂಗಡ್ಯಾಗ ಹೇಳೂ 10 ಗ್ರಾಮಿನ ತೊಲಿ ಅಲ್ಲ, ಹಳೇ ತೊಲಿ, ಹಂಗಾಗಿ ಬಂಗಾರ 87.48 ಗ್ರಾಂ, ಬೆಳ್ಳಿ 612.36 ಗ್ರಾಂ. ಸಾಲ ಕಳದು ಇಷ್ಟು ಉಳದು, ಅದರ ಮ್ಯಾಲ ಒಂದು ಚಂದ್ರನ ವರ್ಷ ಆತಂದ್ರ ನಲವತ್ತನೇ ಒಂದು ಪಾಲು ತಗೀಬೇಕು, ಶೇಕಡಾ 2.5, ಅಂದ್ರ ಲಕ್ಷಕ್ಕ 2,500. ಇರೂ ಮನಿ, ಹೊಡಿಯೂ ಗಾಡಿ, ಉಡೂ ಬಟ್ಟಿ, ದುಡಿಯೂ ಸಾಮಾನು ಇದರಾಗ ಬರಂಗಿಲ್ಲ.

ಹೆಣ್ಣಮಕ್ಕಳು ಇಲ್ಲಿ ಸ್ವಲ್ಪ ಕಿವಿಗೊಟ್ಟು ಕೇಳ್ರಿ. ನಂದು ಐದ ತೊಲಿ ಬಂಗಾರ ಐತಿ, ಏಳೂವರಿ ಇಲ್ಲ, ನನಗ ಜಕಾತ್ ಇಲ್ಲ ಅಂತ ಕುಂತೀರಲ್ಲ, ಅದರ ಜೋಡಿ ಬ್ಯಾಂಕಿನಾಗ ಹತ್ತು ಸಾವಿರ ಇದ್ರೂ ಎರಡೂ ಕೂಡಿಸಿ ಬೆಳ್ಳಿ ನಿಸಾಬಿಗೆ ಹಚ್ಚಿ ನೋಡಬೇಕು, ಆಗ ನಿಮ್ಮ ಮ್ಯಾಲ ಜಕಾತ್ ಬಂದ ಬರ್ತೈತಿ. ಭಟ್ಕಳದ ನವಾಯತರು, ಕೇರಳದ ಮಾಪಿಳ್ಳೆಗಳು ಶಾಫಿ ಮಜಹಬ್‌ನವರು, ಅವರೊಳಗ ಮೈಮ್ಯಾಲ ಹಾಕ್ಕೊಳ್ಳೂ ಬಂಗಾರಕ್ಕ ಜಕಾತ್ ಇಲ್ಲ ಅಂತಾರ, ನಮಗ ಐತಿ. ಮತ್ತ ಬಂಗಾರ ನಿಮ್ಮದಾದ್ರ ಜಕಾತಿನ ಜವಾಬ್ದಾರಿ ನಿಮ್ಮದ, ಗಂಡಂದಲ್ಲ. ಅದರ ಇನ್ನೊಂದು ಮಗ್ಗಲಾ ಏನಂದ್ರ, ಆ ಬಂಗಾರ ನಿಮ್ಮನ್ನ ಕೇಳದ ಗಿರವಿ ಇಡೂ ಹಕ್ಕು ಗಂಡಗಿಲ್ಲ, ಅತ್ತಿ ಮನಿಯವರಿಗೂ ಇಲ್ಲ. ಇದನ್ನ ಶುಕ್ರವಾರದ ಜುಮ್ಮಾ ಬಯಾನಿನಾಗ ನಮ್ಮ ಮೌಲಾನಾಗಳು ಯಾಕ ಜೋರಾಗಿ ಹೇಳಂಗಿಲ್ಲೋ!

ಹೊಲದವರಿಗೆ ಬ್ಯಾರೆ ಲೆಕ್ಕ, ಅದಕ್ಕ ಉಶ್ರ್ ಅಂತಾರ. ಮಳಿ ಮ್ಯಾಲ ಬೆಳದದ್ದಕ್ಕ ಹತ್ತನೇ ಒಂದು ಪಾಲು, ನೀರು ಎತ್ತಿ ಹಾಯ್ಸಿ ಬೆಳದದ್ದಕ್ಕ ಇಪ್ಪತ್ತನೇ ಒಂದು, ಯಾಕಂದ್ರ ಅದರಾಗ ರೈತನ ಖರ್ಚು ದುಡಿಮಿ ಜಾಸ್ತಿ. ವರ್ಷ ತುಂಬೂತನಕ ಕಾಯಂಗಿಲ್ಲ, ಸುಗ್ಗಿ ಆದಕೂಡ್ಲೆ. ಹಿಂದುಸ್ತಾನದ ಹೊಲಕ್ಕ ಇದು ಹತ್ತತೈತೋ ಇಲ್ಲೋ ಅಂತ ಉಲಮಾಗಳೊಳಗ ಚರ್ಚೆ ಐತಿ ಅನ್ನೂದು ಖರೆ, ಆದ್ರ ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಹಾಕಿ ಬರೂ ನಮ್ಮವರಾಗ ಆ ಚರ್ಚೆ ಬ್ಯಾಡ, ಉಶ್ರ್ ಅನ್ನೂ ಶಬ್ದನ ಕೇಳಿದವರು ಕಡಿಮಿ.

ಯಾರಿಗೆ ಕೊಡಬೇಕು ಅನ್ನೂದನ್ನೂ ಕುರ್‌ಆನ್ ಬರದಿಟ್ಟೈತಿ, ಎಂಟು ತರದ ಮಂದಿ, ಬಡವರು, ಗತಿ ಇಲ್ಲದವರು, ಸಾಲದಾಗ ಮುಳುಗಿದವರು, ದಾರ್ಯಾಗ ಸಿಕ್ಕಿಬಿದ್ದ ಪ್ರಯಾಣಿಕರು ಹಿಂಗ. ಅಪ್ಪ ಅವ್ವಗ, ಮಕ್ಕಳಿಗೆ, ಹೆಂಡ್ತಿಗೆ ಕೊಡಾಕ ಬರಂಗಿಲ್ಲ, ಅವರನ್ನ ಸಾಕೂದು ಹೆಂಗೂ ನಿಮ್ಮ ಕೆಲಸ. ತಂಗಿ, ತಮ್ಮ, ಚಿಗವ್ವ ಬಡವರಿದ್ರ ಅವರಿಗೆ ಕೊಡಬಹುದು, ಅವರಿಗೇ ಮೊದಲ ಕೊಡಬೇಕು. ಹನಫಿ ಲೆಕ್ಕದಾಗ ಜಕಾತಿನ ರೊಕ್ಕ ಹಚ್ಚಿ ಮಸೂತಿ ಕಟ್ಟಾಕೂ ಬರಂಗಿಲ್ಲ, ಬಡವನ ಕೈಗೆ ಬಿದ್ದು ಅವನದಾಗಬೇಕು. ಜಕಾತ್ ಮುಸಲ್ಮಾನ ಬಡವರಿಗೆ ಅಂತ ಬಹಳಷ್ಟು ಉಲಮಾಗಳ ಮಾತು, ಸದಖಾ ಮಾತ್ರ ಯಾವ ಧರ್ಮದವರಿಗಾದ್ರೂ ಆಗ್ತೈತಿ. ಮತ್ತ ಇದು ಜಕಾತ್ ಅಂತ ತಗೊಳ್ಳೂರಿಗೆ ಹೇಳೂ ಜರೂರತ್ ಇಲ್ಲ, ಮನಸಿನಾಗ ನಿಯತ್ತಿದ್ರ ಸಾಕು, ಈದಿ, ಅಂದ್ರ ಹಬ್ಬದ ಕಾಣಿಕಿ ಅಂತ ಹೇಳಿ ಕೊಟ್ರೂ ನಡೀತೈತಿ. ಇಷ್ಟು ಮಾನ ಉಳಸಾಕ ಧರ್ಮ ದಾರಿ ಮಾಡಿಟ್ಟೈತಿ, ನಮ್ಮ ದೊಡ್ಡ ಸಾಹುಕಾರ್ರು ಏನ್ ಮಾಡ್ತಾರ, ರಂಜಾನಿನಾಗ ಅಂಗಡಿ ಮುಂದ ಮುದುಕ್ಯಾರನ್ನ ಬಿಸಲಾಗ ಪಾಳಿ ಹಚ್ಚಿ ತಲಿಗೆ ನೂರು ರೂಪಾಯಿ, ಕಡಿಮಿ ರೇಟಿನ ಒಂದು ಸೀರಿ, ಮ್ಯಾಲೊಂದು ವಿಡಿಯೋ. ಅವರ ಗೋದಾಮಿನಾಗ ಇರೂ ಮಾಲಿಗೆ ಶೇಕಡಾ 2.5 ಹಾಕಿದ್ರ ಆ ಪಾಳಿಯೊಳಗ ನಿಂತ ಎಷ್ಟೋ ಮಂದಿ ಸಾಲ ಹರೀತಿತ್ತು. ನನಗ ಇದನ್ನ ನೋಡಿದ್ರ ಮೈ ಉರೀತೈತಿ, ಸುಮ್ಮನ ಹೇಳಾಕತ್ತಿಲ್ಲ.

ಲೆಕ್ಕದ ಮಾತು ಇಲ್ಲಿಗೆ ಮುಗಿಯಂಗಿಲ್ಲ. ಹುಕೂಕುಲ್ ಇಬಾದ್ ಅಂತ ಐತಿ, ಮನುಷ್ಯಾರಿಗೆ ಮನುಷ್ಯಾರು ಕೊಡಬೇಕಾದ ಹಕ್ಕು. ಅಲ್ಲಾಹ ತನಗ ಸೇರಬೇಕಾದದ್ದನ್ನ ಮಾಫ್ ಮಾಡ್ಯಾನು, ಆದ್ರ ನೀವು ಒಬ್ಬರದು ತಿಂದಿದ್ರ ಅವರ ಮಾಫ್ ಮಾಡಬೇಕು. ಶಹೀದ ಆದವನ ಎಲ್ಲಾ ಪಾಪ ಮಾಫ್, ಸಾಲ ಒಂದ ಬಿಟ್ಟು, ಅಂತ ಹದೀಸ್ (ಪೈಗಂಬರರ ಮಾತು) ಐತಿ. ಹಜ್‌ಗೆ ಹೋಗೂಕಿಂತ ಮೊದಲ ಸಾಲ ತೀರಿಸಿ, ಮಂದಿ ಹತ್ರ ಮಾಫಿ ಕೇಳಿ ಹೋಗೂದು ಅದಕ್ಕ.

ಹಂಗಾದ್ರ ತಂಗೀರ ಪಾಲು? ಅಪ್ಪ ತೀರಿಕೊಂಡ ಮ್ಯಾಲ ಯಾರಿಗೆ ಎಷ್ಟು ಅಂತ ಕುರ್‌ಆನಿನ ನಿಸಾ ಅನ್ನೂ ಸೂರಾದಾಗ ಲೆಕ್ಕ ಹಚ್ಚಿ ಕೊಟ್ಟೈತಿ, ಮಕ್ಕಳಿದ್ರ ಹೆಂಡ್ತಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು, ಮಗಳಿಗೆ ಮಗನ ಪಾಲಿನ ಅರ್ಧ. ಅರ್ಧ ಯಾಕ ಅಂತ ಕೇಳೂರಿದ್ದಾರ, ಕೇಳಲಿ, ಆ ಚರ್ಚೆನೂ ಆಗಬೇಕು. ಆದ್ರ ನಮ್ಮ ಕಡೆ ಅರ್ಧನಾದ್ರೂ ಯಾರು ಕೊಟ್ಟಾರ್ರಿ? ಹೆಣ್ಣಮಕ್ಕಳನ್ನ ತವರಿಗೆ ಕರಸಿ, ಉಂಡಿ ಕಟ್ಟಿ, ಸೀರಿ ಉಡಿಸಿ, ಹಕ್ಕು ಬಿಟ್ಟೀನಿ ಅಂತ ಕಾಗದಕ್ಕ ಸಹಿ ತಗೋತಾರ, ಸಹಿ ಮಾಡದಿದ್ರ ತವರಿನ ಬಾಗಲಾ ಬಂದ್. ಸಹಿ ತಗೊಂಡ ಅಣ್ಣ ಐದು ಹೊತ್ತು ನಮಾಜಿ, ಹಣಿಮ್ಯಾಲ ಕಪ್ಪು ಗುರ್ತು ಬ್ಯಾರೆ. ಮೆಹರ್ ಮಾತೂ ಹಂಗ, ನಿಕಾಹದಾಗ ಗಂಡ ಹೆಂಡ್ತಿಗೆ ಕೊಡಬೇಕಾದ ರೊಕ್ಕ ಅದು, ಅದನ್ನ ಹೆಸರಿಗೆ ಬರಸಿ ಸಾಯೂತನಕ ಬಾಕಿ ಇಡ್ತಾರ, ವರದಕ್ಷಿಣಿ ಮಾತ್ರ ಬೈಕು, ಫ್ರಿಜ್ಜು, ಕಪಾಟು ಅಂತ ಲಾರಿ ತುಂಬಿಸಿ ಮೊದಲ ತರಸ್ಕೋತಾರ. ಈ ವಿಷಯದಾಗ ನಮ್ಮವರೂ ಬಾಜೂಕಿನ ಮನಿಯವರೂ ಭಾರಿ ಭಾವೈಕ್ಯದಿಂದ ಅದಾರ ನೋಡ್ರಿ, ಒಂದ ರೇಟು.

ಇಷ್ಟು ಬರದಿದ್ದಕ್ಕ ಬೈಯೂರು ಬೈರಿ, ಹೊರಗಿನವರ ಮುಂದ ಮನಿ ಮಾತು ಯಾಕ ಅಂತ. ಮನಿ ಒಳಗ ಕೇಳಿ ನೋಡೇನಿ, ಅಲ್ಲಿ ಉತ್ತರ ಸಿಗಲಿಲ್ಲ. ಹೋದ ರಂಜಾನಿನಾಗ ನಮ್ಮ ಓಣಿ ಹೆಣ್ಣಮಕ್ಕಳು ಕೆಲವರು ಕೂಡಿ ಒಂದು ನೋಟ್‌ಬುಕ್ ಮಾಡೇವಿ, ಯಾರ ಬಂಗಾರ ಎಷ್ಟು ಗ್ರಾಂ, ಯಾವ ತಾರೀಖಿಗೆ ಹಿಜ್ರಿ ವರ್ಷ ತುಂಬ್ತೈತಿ, ಅವತ್ತಿನ ಬೆಳ್ಳಿ ರೇಟು ಏನು. ಹೋಮ್ ಲೋನ್ ಪೂರಾ ಕಳೀಬೇಕೋ, ಆ ವರ್ಷದ ಕಂತು ಅಷ್ಟ ಕಳೀಬೇಕೋ ಅಂತ ಸದ್ಯಕ್ಕ ಜಗಳಾ ನಡದೈತಿ, ನಾನು ಕಂತು ಅಷ್ಟ ಅನ್ನೂ ಕಡೆ.